ಸಹಾಯ ಬೇಕು: ಅಮ್ಮನ ಲಂಡನ್ ಪ್ರಯಾಣಕ್ಕೆ ಯಾವ ದಾರಿ ಅನುಕೂಲ?

ಆತ್ಮೀಯರೇ, ನಾವು ಕಾಸರಗೋಡು ತಾಲೂಕಿನ ಬದಿಯಡ್ಕದವರು. ತಂಗಿಯ ಬಾಣಂತನಕ್ಕಾಗಿ 68 ವರ್ಷದ ನಮ್ಮ ಅಮ್ಮ ಡಿಸೆಂಬರ್ ತಿಂಗಳಲ್ಲಿ ಒಬ್ಬರೇ ಲಂಡನ್ನಿಗೆ ಹೋಗಬೇಕಾಗಿದೆ.

ಬೆಂಗಳೂರಿನಿಂದ ಲಂಡನ್ನಿಗೆ ವಾಯುಮಾರ್ಗದಲ್ಲಿ ಸುಮಾರು 8,000 ಕಿಲೋಮೀಟರ್ ದೂರವಿದ್ದು, ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ ಇರುವುದರಿಂದ ನೇರ ವಿಮಾನಕ್ಕೂ ಹತ್ತು ಹನ್ನೊಂದು ಗಂಟೆ ಬೇಕಾಗುತ್ತದೆ. ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 6.30ಕ್ಕೆ ತಲುಪುವುದೆಂದು ಟಿಕೆಟಿನಲ್ಲಿ ಕಂಡ ಅಮ್ಮ ಐದೂವರೆ ಗಂಟೆಯ ಪ್ರಯಾಣವೆಂದೇ ಭಾವಿಸಿದ್ದರು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಗಡಿಯಾರ ಬರೆದು ತೋರಿಸಬೇಕಾಯಿತು.

ಅಮ್ಮನಿಗೆ ಮಂಡಿನೋವಿದೆ, ದಿನಕ್ಕೆರಡು ಬಾರಿ ಇನ್ಸುಲಿನ್ ಕೂಡ ಇದೆ. ಆದ್ದರಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ನೇರ ವಿಮಾನ ಹತ್ತಿಸುವುದು ಒಳ್ಳೆಯದೋ, ಅಥವಾ ಮಂಗಳೂರಿನಿಂದ ಮುಂಬೈ ಮೂಲಕ ಒಂದೇ ಟಿಕೆಟಿನಲ್ಲಿ ಕಳುಹಿಸುವುದು ಒಳ್ಳೆಯದೋ ತಿಳಿಯುತ್ತಿಲ್ಲ. ಮುಂಬೈಯಿಂದ ಲಂಡನ್ ಸುಮಾರು 7,200 ಕಿಲೋಮೀಟರ್ ಮಾತ್ರವಾದರೂ ನಡುವೆ ವಿಮಾನ ಬದಲಿಸಬೇಕು, ಮತ್ತು ಅಮ್ಮನಿಗೆ ಕನ್ನಡ, ತುಳು, ಸ್ವಲ್ಪ ಮಲಯಾಳ ಬಿಟ್ಟರೆ ಬೇರೆ ಭಾಷೆ ಬಾರದು. ನನ್ನ ಮನಸ್ಸು ನೇರ ವಿಮಾನದ ಕಡೆಗೇ ಇದೆ.

ವಯಸ್ಸಾದ ತಂದೆತಾಯಿಯರನ್ನು ಹೀಗೆ ಕಳುಹಿಸಿದವರು ಇಲ್ಲಿದ್ದರೆ, ಗಾಲಿಕುರ್ಚಿಯ ಸಹಾಯ ವಿಮಾನದ ಬಾಗಿಲಿನಿಂದ ಹೊರಗಿನವರೆಗೂ ಸಿಕ್ಕಿತೇ, ಇನ್ಸುಲಿನ್ ಕೈಚೀಲದಲ್ಲಿ ಒಯ್ಯಲು ವೈದ್ಯರ ಪತ್ರ ಹೇಗಿರಬೇಕು, ಸಮಯ ಬದಲಾದಾಗ ಚುಚ್ಚುಮದ್ದಿನ ಹೊತ್ತನ್ನು ವೈದ್ಯರು ಹೇಗೆ ಹೊಂದಿಸಿಕೊಟ್ಟರು ಎಂಬುದನ್ನು ದಯವಿಟ್ಟು ತಿಳಿಸಿ. ಮುಂದಿನ ವಾರ ಟಿಕೆಟ್ ಮಾಡಬೇಕೆಂದಿದ್ದೇವೆ.