ಪಿಸಿ (ಪೊಲೀಸ್ ಕಾನ್‌ಸ್ಟೆಬಲ್) ಪಗಾರ ಬೆಂಗಳೂರಿನಲ್ಲಿ ಜಾಸ್ತಿ, ನಮ್ಮ ಕಡೆ ಕಡಿಮೆನಾ? ಯಾವ ಜಿಲ್ಲೆಗೆ ಅರ್ಜಿ ಹಾಕಲಿ

ಘಟಪ್ರಭಾ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ಹತ್ತಿರದ ಹಳ್ಳಿಯವನು. ಬಿಎ ಮುಗಿದು ಎರಡು ವರ್ಷ ಆಯಿತು. ಈಗ ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಪಿಸಿ ಪರೀಕ್ಷೆಗೆ ಓದುತ್ತಿದ್ದೇನೆ. ಓಟದ ಚಿಂತೆ ಇಲ್ಲ, 1600 ಮೀಟರ್‌ಗೆ ಆರೂವರೆ ನಿಮಿಷ ಕೊಡುತ್ತಾರೆ, ನಾನು ಆರರೊಳಗೆ ಮುಗಿಸುತ್ತೇನೆ. ಚಿಂತೆ ಇರುವುದು ಅರ್ಜಿಯದು. ಸಿವಿಲ್ ಪಿಸಿಗೆ ಒಂದೇ ಘಟಕ, ಅಂದರೆ ಒಂದು ಜಿಲ್ಲೆ ಇಲ್ಲವೇ ಒಂದು ಸಿಟಿ, ಆರಿಸಬೇಕು, ಆಮೇಲೆ ಬದಲಾಯಿಸೋಕೆ ಆಗಲ್ಲ.

ಮನೆಯಲ್ಲಿ ದಿನಾ ಇದೇ ಜಗಳ. ನಮ್ಮ ಕಾಕಾ "ಬೆಂಗಳೂರಿಗೆ ಹಾಕು, ಅಲ್ಲಿ ಪಗಾರ ಹತ್ತು ಸಾವಿರ ಜಾಸ್ತಿ" ಅಂತ ಹಠ ಹಿಡಿದಿದ್ದಾನೆ. ಅವ್ವ ಬಾಗಲಕೋಟೆಗೇ ಹಾಕು ಅಂತಾಳೆ. ರೂಮಿನ ಗೆಳೆಯ ಮೂರನೇದು ತೆಗೆದ, ವಿಜಯಪುರ ಸಂವಿಧಾನದ 371ಜೆ ವಿಧಿ ಒಳಗೆ ಬರುತ್ತೆ, ಅದಕ್ಕೆ ಬೇರೆ ಭತ್ಯೆ ಸಿಗುತ್ತೆ ಅಂತ. ಯಾರನ್ನು ನಂಬಬೇಕೋ ತಿಳಿಯುತ್ತಿಲ್ಲ. ಯೂಟ್ಯೂಬ್‌ನಲ್ಲಿ ಒಬ್ಬರು 35 ಸಾವಿರ ಅಂದರೆ ಇನ್ನೊಬ್ಬರು 60 ಸಾವಿರ ಅಂತಾರೆ.

ಒಂದೇ ರಾಜ್ಯ, ಒಂದೇ ಹುದ್ದೆ, ಆದರೂ ಊರಿಂದ ಊರಿಗೆ ಪಗಾರ ಬೇರೆ ಇರುತ್ತಾ? ಇದ್ದರೆ ಎಷ್ಟು? ಇಲಾಖೆಯಲ್ಲಿ ಇರುವವರು ಯಾರಾದರೂ ಕೈಗೆ ಎಷ್ಟು ಬರುತ್ತೆ ಅಂತ ಬಿಡಿಸಿ ಹೇಳಿ ಪುಣ್ಯ ಕಟ್ಟಿಕೊಳ್ಳಿ.

---

ಬಿಲ್_ಗುಮಾಸ್ತ:

ತಮ್ಮಾ, ನಾನು ಪೊಲೀಸ್ ಅಲ್ಲ. ಹನ್ನೊಂದು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಎಚ್‌ಆರ್‌ಎಂಎಸ್ ಅನ್ನೋ ಪಗಾರದ ಸಾಫ್ಟ್‌ವೇರ್ ಮುಂದೆ ಕೂತು ಪಗಾರ ಬಿಲ್ ಮಾಡುವವನು. ಹಾಗಾಗಿ ಲೆಕ್ಕ ಮಾತ್ರ ನನ್ನಿಂದ ಕೇಳು, ಉಳಿದದ್ದನ್ನು ಖಾಕಿಯವರು ಹೇಳುತ್ತಾರೆ.

ಬೇಸಿಕ್, ಅಂದರೆ ಮೂಲ ವೇತನ, ರಾಜ್ಯದ ತುಂಬ ಒಂದೇ. ಬೀದರ್ ಇರಲಿ, ಬೆಂಗಳೂರು ಇರಲಿ, ನಿಮ್ಮ ಮುಧೋಳ ಇರಲಿ. 7ನೇ ವೇತನ ಆಯೋಗ 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಕಾನ್‌ಸ್ಟೆಬಲ್ ಸ್ಕೇಲು 37,500ರಿಂದ 76,100, ಹೊಸಬ 37,500ಕ್ಕೆ ಶುರು. ಅದಕ್ಕೂ ಮುಂಚೆ 23,500ರಿಂದ 47,650 ಇತ್ತು. ಯೂಟ್ಯೂಬ್‌ನಲ್ಲಿ ಬೇರೆ ಬೇರೆ ಅಂಕಿ ಬರುವುದಕ್ಕೆ ಅರ್ಧ ಕಾರಣ ಇದೇ, ಹಳೇ ವಿಡಿಯೋ ಇನ್ನೂ ಓಡುತ್ತಿವೆ.

ಬೇಸಿಕ್ ಮೇಲೆ ತುಟ್ಟಿಭತ್ಯೆ, ಅಂದರೆ ಡಿಎ. ಅದೂ ಎಲ್ಲ ಕಡೆ ಒಂದೇ. 2025ರ ಜನವರಿಯ ದರ 12.25% ಹಿಡಿದರೆ 4,594 ರೂಪಾಯಿ. ಇಲ್ಲಿಗೆ 42,094 ಆಯಿತು, ಇಲ್ಲಿವರೆಗೆ ಊರಿಂದ ಊರಿಗೆ ಒಂದು ಪೈಸೆ ಫರಕು ಇಲ್ಲ.

ಫರಕು ಬರುವುದು ಮನೆ ಬಾಡಿಗೆ ಭತ್ಯೆಯಲ್ಲಿ, ಎಚ್‌ಆರ್‌ಎ ಅಂತಾರಲ್ಲ ಅದು. 25 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಬೇಸಿಕ್‌ನ 20%, ಅಂದರೆ ಬೆಂಗಳೂರು. 5ರಿಂದ 25 ಲಕ್ಷದ ಊರಿಗೆ 15%, ನಮ್ಮ ಕಡೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಇದರಲ್ಲಿ ಬರುತ್ತವೆ. ಉಳಿದ ಊರಿಗೆಲ್ಲ 7.5%. ಬಾಗಲಕೋಟೆ, ವಿಜಯಪುರ ಎರಡೂ ಈ ಕೊನೇ ಸಾಲಿನವು. ಹೊಸ ಪಿಸಿಗೆ ಬೆಂಗಳೂರಿನಲ್ಲಿ 7,500, ಬೆಳಗಾವಿಯಲ್ಲಿ 5,625, ಬಾಗಲಕೋಟೆಯಲ್ಲಿ 2,813 ಬರುತ್ತೆ. ಒಟ್ಟು ಕೂಡಿಸಿದರೆ 49,594, 47,719, 44,907. ಬೆಂಗಳೂರಿಗೂ ಬಾಗಲಕೋಟೆಗೂ ಅಂತರ 4,687 ರೂಪಾಯಿ. ನಿಮ್ಮ ಕಾಕಾ ಹೇಳಿದ ಹತ್ತು ಸಾವಿರದ ಅರ್ಧವೂ ಇಲ್ಲ.

ಇದರಲ್ಲಿ ಎನ್‌ಪಿಎಸ್ (ಪಿಂಚಣಿ) ಕಡಿತ ಬೇಸಿಕ್ ಮತ್ತು ಡಿಎ ಸೇರಿಸಿ 10%, ಸುಮಾರು 4,209. ವೃತ್ತಿ ತೆರಿಗೆ 200. ಇವೆರಡು ಕಳೆದರೆ ಬಾಗಲಕೋಟೆಯವನಿಗೆ 40,498. ಅದರಲ್ಲಿ ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಕಂತು, ಗುಂಪು ವಿಮೆ ಮತ್ತೆ ಕಡಿತ ಆಗುತ್ತವೆ. ಸಮವಸ್ತ್ರದ ಭತ್ಯೆ, ಕಷ್ಟ ಪರಿಹಾರ ಭತ್ಯೆ ಸ್ವಲ್ಪ ಸೇರುತ್ತವೆ. ಮೊದಲನೇ ವರ್ಷದ ಇನ್‌ಕ್ರಿಮೆಂಟ್ 900 ರೂಪಾಯಿ.

ಇನ್ನು 371ಜೆ ವಿಷಯ. ಅದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗೆ. ತಾಳಿಕೋಟೆ ದಾಟಿ ಹುಣಸಗಿಗೆ ಹೋದರೆ ಇದೆ, ಈಚೆ ಇಲ್ಲ. ನಾವು ಕಿತ್ತೂರು ಕರ್ನಾಟಕದವರು. ಅದರಲ್ಲೂ 371ಜೆ ಕೊಡುವುದು ನೌಕರಿಯಲ್ಲಿ, ಓದಿನಲ್ಲಿ ಮೀಸಲಾತಿ. ಪಗಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

---

ಲಾಠಿ_ಟೋಪಿ:

ಗುಮಾಸ್ತ ಸರ್ ಲೆಕ್ಕ ಸರಿ ಇದೆ. ಆದರೆ ತಮ್ಮಾ, ಆ 4,687 ನೋಡಿ ಅರ್ಜಿ ಹಾಕಬೇಡ. ನಾನು ಹಾಗೆ ಹಾಕಿ ಕೆಟ್ಟವನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮೂರು ಜಮಖಂಡಿ ತಾಲೂಕು. ಬೆಂಗಳೂರು ಸಿಟಿಗೆ ಸೆಲೆಕ್ಟ್ ಆದೆ. ಪೋಸ್ಟ್ ಜಾಸ್ತಿ ಇದ್ದವು, ಕಟಾಫ್ ಸ್ವಲ್ಪ ಸಡಿಲ ಇತ್ತು, ಪಗಾರವೂ ಜಾಸ್ತಿ ಅಂದರು. ಮೂರು ಮಂದಿ ಸೇರಿ ಒಂದು ರೂಮು. ಅಡುಗೆಮನೆ ಅಂದರೆ ಬಾತ್‌ರೂಮ್ ಬಾಗಿಲ ಪಕ್ಕದ ಒಂದು ಕಡಪಾ ಕಲ್ಲು. ಒಬ್ಬ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗುವಾಗ ಇನ್ನೊಬ್ಬ ಎದ್ದು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ, ಹಾಸಿಗೆ ತಣ್ಣಗಾಗಲು ಬಿಡುತ್ತಿರಲಿಲ್ಲ. ಜೋಳದ ರೊಟ್ಟಿ ಬೇಕು ಅಂದರೆ ಊರಿಂದ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಅವ್ವ ಕಟ್ಟಿ ಕಳಿಸಿದ ಖಡಕ್ ರೊಟ್ಟಿ. ಎಚ್‌ಆರ್‌ಎ ಎಷ್ಟು ಬರುತ್ತಿತ್ತೋ ಅಷ್ಟೂ ಮನೆ ಮಾಲೀಕನಿಗೆ, ಮೇಲೆ ನಮ್ಮ ಜೇಬಿಂದ. ತಿಂಗಳಿಗೊಮ್ಮೆ ಊರಿಗೆ ಬರಲು ಹೋಗಲು ಬಸ್ ಚಾರ್ಜ್ ಬೇರೆ. ಮದುವೆ ಆದ ಮೇಲೆ ಒಂಟಿ ಮನೆ ಹುಡುಕಿದಾಗ ಕೇಳಿದ ಅಡ್ವಾನ್ಸ್ ನಮ್ಮಪ್ಪ ಎಮ್ಮೆ ಮಾರಿ ಕೊಟ್ಟದ್ದು.

ಇದಕ್ಕಿಂತ ದೊಡ್ಡ ಪೆಟ್ಟು ಸೀನಿಯಾರಿಟಿಯದು. ಕಾನ್‌ಸ್ಟೆಬಲ್‌ಗಳ ಸೀನಿಯಾರಿಟಿ ಲಿಸ್ಟ್ ಆಯಾ ಘಟಕದ್ದು. ನೀನಾಗಿಯೇ ಕೇಳಿಕೊಂಡು ಬೇರೆ ಜಿಲ್ಲೆಗೆ ಬಂದರೆ ಆ ಜಿಲ್ಲೆಯ ಲಿಸ್ಟಿನ ಕೊನೆಯಲ್ಲಿ ನಿಲ್ಲಬೇಕು. ನಾನು ಎಂಟು ವರ್ಷ ಮುಗಿಸಿ ಊರ ಕಡೆ ಬಂದೆ. ಪಗಾರ ಕಡಿಮೆ ಆಗಲಿಲ್ಲ, ಎಚ್‌ಆರ್‌ಎ ಅಷ್ಟೇ ಇಳಿಯಿತು. ಆದರೆ ನನ್ನ ಬ್ಯಾಚಿನವರು ಅಲ್ಲೇ ಉಳಿದು ತೋಳಿಗೆ ಪಟ್ಟಿ ಹಚ್ಚಿಕೊಂಡಾಗ ನಾನಿನ್ನೂ ಇಲ್ಲಿ ನನಗಿಂತ ಚಿಕ್ಕವರ ಹಿಂದೆ ನಿಂತಿದ್ದೆ. ಹತ್ತು ವರ್ಷಕ್ಕೆ ಕಾಲಬದ್ಧ ಬಡ್ತಿ ಅಂತ ಪಗಾರದಲ್ಲಿ ಒಂದು ಮೆಟ್ಟಿಲು ಸಿಗುತ್ತೆ, ಆದರೆ ಹೆಡ್ ಕಾನ್‌ಸ್ಟೆಬಲ್ ಅನ್ನಿಸಿಕೊಳ್ಳಲು ನನಗೆ ಹದಿನೈದು ವರ್ಷ ಹಿಡಿಯಿತು.

ಇನ್ನೊಂದು ಹಳೇ ಗಾಯ ಇದೆ, ಹೇಳಿಬಿಡುತ್ತೇನೆ. ರಾಘವೇಂದ್ರ ಔರಾದಕರ್ ಸಾಹೇಬರ ಸಮಿತಿ ವರದಿ ಆಧಾರದ ಮೇಲೆ 2019ರ ಆಗಸ್ಟ್‌ನಿಂದ ಸ್ಕೇಲ್ ಏರಿಸಿದರು. ಎಲ್ಲರೂ ಪೇಢೆ ಹಂಚಿದರು. ಆದರೆ ಏರಿಸಿದ್ದು ಸ್ಕೇಲಿನ ಆರಂಭವನ್ನು, 21,400 ಇದ್ದದ್ದು 23,500 ಆಯಿತು. ನನ್ನ ಬೇಸಿಕ್ ಆಗಲೇ ಅದನ್ನು ದಾಟಿತ್ತು. ನೆನ್ನೆ ಮೊನ್ನೆ ಬಂದ ಹುಡುಗನಿಗೂ ನನಗೂ ಅಂತರ ಕೆಲವೇ ಇನ್‌ಕ್ರಿಮೆಂಟ್ ಆಯಿತು. ಹೊಸಬರಿಗೆ ಸಿಗಬಾರದು ಅಂತಲ್ಲ, ಸಿಗಲೇಬೇಕಿತ್ತು. ಆದರೂ ಆ ತಿಂಗಳ ಸ್ಲಿಪ್ ನೋಡಿ ಹೆಂಡತಿ "ಎಲ್ಲಿ ಏರಿತು?" ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಟಾಫ್ ದಾಟುತ್ತೇನೆ ಅನ್ನುವ ಧೈರ್ಯ ಇದ್ದರೆ ನಿನ್ನ ಜಿಲ್ಲೆಗೇ ಹಾಕು. ಇಲ್ಲದಿದ್ದರೆ ಬೆಂಗಳೂರು, ಆದರೆ ಅಲ್ಲೇ ಬಾಳ್ವೆ ಮಾಡುತ್ತೇನೆ ಅಂತ ಗಟ್ಟಿ ಮಾಡಿಕೊಂಡು ಹೋಗು.

---

ಹೊಳೆಸಾಲು_ಪಾಟೀಲ:

ಪಗಾರ ಯಾರು ನೋಡ್ತಾರೆ ಬಿಡ್ರಿ, ಮೇಲಿನದೇ ಬೇರೆ ಇರುತ್ತಲ್ಲ 😄

---

ಲಾಠಿ_ಟೋಪಿ:

ಪಾಟೀಲರೇ, ಇರುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆ ಜಾತ್ರೆಗೆ ಮೂರು ದಿನ ಒಂದೇ ಜೋಡಿ ಸಾಕ್ಸ್ ಹಾಕಿಕೊಂಡು ಚಕ್ಕಡಿ, ಟ್ರ್ಯಾಕ್ಟರ್ ಸರಿಸುವ ಪಿಸಿಗೆ ಮೇಲಿನದು ಅಂದರೆ ಭಂಡಾರ ಮಾತ್ರ. ತಮ್ಮ ಪಗಾರದ ಬಗ್ಗೆ ಕೇಳಿದ್ದಾನೆ, ಅದನ್ನೇ ಮಾತಾಡೋಣ.

---

ಕುಂದಾ_ಅಕ್ಕ:

ನಾನು ಬೆಳಗಾವಿಯವಳು, ನಮ್ಮ ಯಜಮಾನರು ಇಲ್ಲೇ ಸಿಟಿಯಲ್ಲಿ ಕಾನ್‌ಸ್ಟೆಬಲ್. ಯಾರೂ ಹೇಳದ ಒಂದು ಮಾತು. ಕ್ವಾರ್ಟರ್ಸ್ ಸಿಕ್ಕರೆ ಎಚ್‌ಆರ್‌ಎ ಬರುವುದೇ ಇಲ್ಲ. ಆಗ ಬೆಂಗಳೂರು, ಬೆಳಗಾವಿ, ಬಾಗಲಕೋಟೆ ಎಲ್ಲ ಹೆಚ್ಚು ಕಡಿಮೆ ಒಂದೇ.

ಹಾಗಂತ ಕ್ವಾರ್ಟರ್ಸ್ ನಷ್ಟ ಅಂದುಕೊಳ್ಳಬೇಡಪ್ಪಾ. ನಮಗೆ 5 ಸಾವಿರ ಚಿಲ್ಲರೆ ಹೋಯಿತು, ಆದರೆ ಇಲ್ಲಿ ಆ ರೊಕ್ಕಕ್ಕೆ ಎರಡು ಕೋಣೆಯ ಮನೆ ಎಲ್ಲಿ ಸಿಗುತ್ತೆ? ನಮ್ಮ ಮನೆ ಹಳೇ ಕಟ್ಟಡದ್ದು, ಮಳೆಗಾಲದಲ್ಲಿ ಗೋಡೆ ಬೆವರುತ್ತೆ, ಮಗನ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತೆ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ. ಆದರೂ ಅವರು ರಾತ್ರಿ ಡ್ಯೂಟಿಗೆ ಹೋದಾಗ ಸುತ್ತ ನಮ್ಮಂಥವರೇ ಇರುತ್ತಾರೆ ಅನ್ನೋ ಧೈರ್ಯ ಇದೆ. ಹೊಸ ಬ್ಲಾಕ್‌ಗಳು ಚಲೋ ಇವೆ, ಸಿಗಬೇಕಷ್ಟೇ.

ಸಿಟಿಯಲ್ಲಿ ಇನ್ನೊಂದು ಇದೆ. 2014ರಲ್ಲಿ ಕಮಿಷನರೇಟ್ ಆದ ಮೇಲೆ ಬೆಳಗಾವಿ ಸಿಟಿ ಬೇರೆ ಘಟಕ, ಜಿಲ್ಲೆ ಬೇರೆ ಘಟಕ. ಅರ್ಜಿ ತುಂಬುವಾಗ ಎರಡನ್ನೂ ಒಂದೇ ಅಂದುಕೊಂಡು ತಪ್ಪು ಮಾಡುವವರು ಇದ್ದಾರೆ. ಜಿಲ್ಲೆಯಲ್ಲಿ ಅಥಣಿಗೋ ರಾಮದುರ್ಗಕ್ಕೋ ಹಾಕಿದರೆ ಎಚ್‌ಆರ್‌ಎ 15 ಅಲ್ಲ, 7.5. ಕೆಲಸ ಮಾಡುವ ಊರು ನೋಡಿ ಕೊಡುವುದು ಅದು, ಜಿಲ್ಲೆಯ ಹೆಸರು ನೋಡಿ ಅಲ್ಲ.

ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಬಂತು ಅಂದರೆ ನಮ್ಮ ಮನೆಯಲ್ಲಿ ಗಂಡಸರು ಇಲ್ಲ ಅಂತಲೇ ಲೆಕ್ಕ. ಬೆಳಿಗ್ಗೆ ಐದಕ್ಕೆ ಹೋದವರು ರಾತ್ರಿ ಹನ್ನೊಂದಕ್ಕೆ ಬರುತ್ತಾರೆ, ಒಂದೊಂದು ದಿನ ಪ್ಯಾಕೆಟ್ ಪಲಾವ್ ಹಾಗೇ ವಾಪಸ್ ತರುತ್ತಾರೆ, ಮೂರು ಗಂಟೆಗೆ ಕೊಟ್ಟದ್ದನ್ನು ತಿನ್ನಲು ಆಗಲಿಲ್ಲ ಅಂತ. ಪಗಾರ ಬೇಡ ಅಂತಲ್ಲ. ಆದರೆ ತಾಸಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ನಗು ಬರುತ್ತೆ.

---

ನಿಪ್ಪಾಣಿ_ತಂಬಾಕು:

ನಮ್ಮ ಮಾವನ ಮಗ ಮಹಾರಾಷ್ಟ್ರದ ಸಾಂಗ್ಲಿ ಕಡೆ ಪೊಲೀಸ್. ಅವನ ಬೇಸಿಕ್ 21,700ರಿಂದ ಶುರು, ನಿಮ್ಮದು 37,500 ಅಂತೀರಿ. ಹಂಗಾದ್ರೆ ಗಡಿ ಈಚೆ ಇರೋರು ಶ್ರೀಮಂತರು ಅಂದಂಗಾಯ್ತು, ಅಲ್ವಾ?

---

ಬಿಲ್_ಗುಮಾಸ್ತ:

ಬೇಸಿಕ್‌ಗೆ ಬೇಸಿಕ್ ಹೋಲಿಸಬಾರದು. ಅವರದು 2016ರ ಸ್ಕೇಲು, ಅದರ ಮೇಲೆ ಡಿಎ ಬೆಳೆಯುತ್ತಾ ಬಂದು ಅದೇ 2025ರ ಜನವರಿಗೆ 55% ಆಗಿದೆ. ನಮ್ಮಲ್ಲಿ 2022ರ ಜುಲೈವರೆಗಿನ 31% ಡಿಎಯನ್ನು ಬೇಸಿಕ್‌ನಲ್ಲೇ ಕರಗಿಸಿ, ಅದಕ್ಕೆ 27.5% ಸೇರಿಸಿ ಹೊಸ ಸ್ಕೇಲ್ ಕಟ್ಟಿದ್ದಾರೆ. ಬೇಸಿಕ್, ಡಿಎ ಎರಡೂ ಕೂಡಿಸಿ ನೋಡಿದರೆ ಅಲ್ಲಿ 33,635, ಇಲ್ಲಿ 42,094. ನಮ್ಮದು ಜಾಸ್ತಿಯೇ, ಆದರೆ ನೀವು ಅಂದುಕೊಂಡಷ್ಟಲ್ಲ. ಅವರಿಗೆ ಮುಂದಿನ ಪರಿಷ್ಕರಣೆ ಬಂದಾಗ ಈ ಮಾತು ಮತ್ತೆ ಬದಲಾಗುತ್ತೆ.

ಅಂದಹಾಗೆ ಮೇಲಿನ ನನ್ನ ಲೆಕ್ಕದಲ್ಲಿ ಒಂದು ಬಿಟ್ಟಿದ್ದೆ. ಬೆಂಗಳೂರಿಗೆ, ಬೆಳಗಾವಿಯಂಥ ಸಿಟಿಗೆ ನಗರ ಪರಿಹಾರ ಭತ್ಯೆ ಅಂತ ಕೆಲವು ನೂರು ರೂಪಾಯಿ ಸೇರುತ್ತೆ. ಬಾಗಲಕೋಟೆಗೆ ಇಲ್ಲ. ಕಾಕಾ ಕೇಳಿದರೆ ಅಂತರ ಐದು ಸಾವಿರ ಚಿಲ್ಲರೆ ಅಂತ ಹೇಳು, ಅವರಿಗೂ ಸ್ವಲ್ಪ ಮರ್ಯಾದೆ ಉಳಿಯಲಿ.

---

ಘಟಪ್ರಭಾ_ದಂಡೆ:

ಗುಮಾಸ್ತ ಸರ್, ಲಾಠಿ ಅಣ್ಣ, ಅಕ್ಕಾರೇ, ಎಲ್ಲರಿಗೂ ಭಾಳ ಧನ್ಯವಾದ. ಇನ್ನೊಂದೇ ಪ್ರಶ್ನೆ. ಮಚ್ಛೆಯ ಕೆಎಸ್‌ಆರ್‌ಪಿಗೆ (ಮೀಸಲು ಪೊಲೀಸ್ ಪಡೆ) ಹಾಕಿದರೆ ಹೇಗೆ? ಬೆಳಗಾವಿ ಪಕ್ಕದಲ್ಲೇ ಇದೆಯಲ್ಲ.

---

ಲಾಠಿ_ಟೋಪಿ:

ಪಟಾಲಮು ಮಚ್ಛೆಯಲ್ಲಿ ಇರುತ್ತೆ ತಮ್ಮಾ, ನೀನು ಇರಲ್ಲ. ಚುನಾವಣೆ, ಗಲಾಟೆ, ಕಬ್ಬಿನ ಹೋರಾಟ ಎಲ್ಲಿ ಆದರೂ ವ್ಯಾನ್ ಹತ್ತಬೇಕು. ಸ್ಕೇಲ್ ಸಿವಿಲ್‌ನವರದ್ದೇ. ಸ್ಟೇಷನ್ ಕಿರಿಕಿರಿ ಇಲ್ಲ, ಕೇಸ್ ಫೈಲ್ ಇಲ್ಲ, ಪರೇಡು ಮತ್ತು ಪಯಣ. ಮದುವೆ ಆಗದ ಹುಡುಗರಿಗೆ ಕೆಲವರಿಗೆ ಅದೇ ಇಷ್ಟ ಆಗುತ್ತೆ.

---

ಘಟಪ್ರಭಾ_ದಂಡೆ:

ಇವತ್ತು ಊರಿಗೆ ಬಂದಿದ್ದೆ. ಗುಮಾಸ್ತ ಸರ್ ಲೆಕ್ಕವನ್ನು ಹಾಳೆಯಲ್ಲಿ ಬರೆದು ಕಾಕಾನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಬಾಗಲಕೋಟೆಗೇ ಹಾಕು ಅನ್ನುತ್ತಾನೆ ಅಂದುಕೊಂಡಿದ್ದೆ. "ಪಿಎಸ್‌ಐಗೆ, ಸಬ್ ಇನ್‌ಸ್ಪೆಕ್ಟರ್‌ಗೆ ಎಷ್ಟು?" ಅಂದ. 61,300ರಿಂದ ಶುರು ಅಂದೆ. ಈಗ ಪಿಎಸ್‌ಐಗೇ ಓದು ಅಂತ ಹೊಸ ಹಠ ಶುರುವಾಗಿದೆ. ಅವ್ವ ಮಾತ್ರ ಹಾಳೆ ಮಡಚಿ ರೊಟ್ಟಿ ಬುಟ್ಟಿ ಕೆಳಗೆ ಇಟ್ಟುಬಿಟ್ಟಳು.