ಬೆಳಗಿನ ಮೊದಲ ಅವಧಿಯಲ್ಲಿ ಲ್ಯಾಬ್ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಸಿಗುತ್ತಿಲ್ಲ, ಅಪ್‌ಡೇಟ್‌ಗಳೂ ಮುಗಿಯುತ್ತಿಲ್ಲ

ಲ್ಯಾಬ್‌ಮೇಲ್ವಿಚಾರಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವುದರ ಜೊತೆಗೆ ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವ ಹೊಣೆಯೂ ನನ್ನ ಮೇಲಿದೆ. ತಲಾ 30 ಕಂಪ್ಯೂಟರುಗಳ ಎರಡು ಲ್ಯಾಬ್‌ಗಳಿವೆ, ಕಚೇರಿ ಮತ್ತು ಶಿಕ್ಷಕರ ಕೊಠಡಿಯಲ್ಲಿ ಇನ್ನೂ 15 ಇವೆ. ಇಷ್ಟಕ್ಕೂ 100 ಎಂಬಿಪಿಎಸ್‌ನ ಒಂದೇ ಲೈನ್. ಕೆಲವು ವಾರಗಳಿಂದ, ಮೊದಲ ಅವಧಿಗೆ ಮಕ್ಕಳು ಬಂದು ಕೂತು ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಏಳೆಂಟು ಯಂತ್ರಗಳು ಇಂಟರ್ನೆಟ್ ಇಲ್ಲವೆನ್ನುತ್ತವೆ. ಮೂರ್ನಾಲ್ಕು ಯಂತ್ರಗಳಲ್ಲಿ ಯಾವ ಜಾಲತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಉಳಿದವು ಎಷ್ಟು ನಿಧಾನವೆಂದರೆ, ಒಂದು ಪುಟ ತೆರೆಯುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಎರಡು ಮೂರು ಸಲ ರೀಸ್ಟಾರ್ಟ್ ಮಾಡಿದರೆ ಕೆಲವು ಸರಿಹೋಗುತ್ತವೆ. ಮಾರನೆಯ ದಿನ ಬೇರೆಯವು ಕೆಡುತ್ತವೆ.

ಕೇಬಲ್‌ಗಳನ್ನು ಬದಲಿಸಿದ್ದೇನೆ, ಒಂದು ನೆಟ್‌ವರ್ಕ್ ಸ್ವಿಚ್ಚನ್ನೂ (ಕಂಪ್ಯೂಟರುಗಳ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ) ಹೊಸದಾಗಿ ಹಾಕಿಸಿದ್ದೇನೆ, ಪ್ರಯೋಜನವಾಗಿಲ್ಲ. ಒಂದು ಲ್ಯಾಬಿನಲ್ಲಿ ಇನ್ನೂ ವಿಂಡೋಸ್ 10 ಇದೆ, ಅದನ್ನು 11ಕ್ಕೆ ಏರಿಸಲು ಹೊರಟರೆ ಈ ಯಂತ್ರಕ್ಕೆ ಆಗುವುದಿಲ್ಲ ಎಂಬ ಉತ್ತರ ಬರುತ್ತಿದೆ. ಎಲ್ಲಿಂದ ಹಿಡಿಯಬೇಕೆಂದು ದಯವಿಟ್ಟು ತಿಳಿಸಿ.

ಜಾಲಮಿತ್ರ

ನಮಸ್ಕಾರ. ಇವೆಲ್ಲ ಒಂದೇ ಹೊತ್ತಿಗೆ ಕಾಣಿಸಿಕೊಳ್ಳುತ್ತಿರುವುದರಿಂದ ಒಂದೇ ತೊಂದರೆಯೆಂದು ನೀವು ಭಾವಿಸಿದ್ದೀರಿ. ನನ್ನ ಅಂದಾಜಿನಲ್ಲಿ ಇಲ್ಲಿ ಕನಿಷ್ಠ ಮೂರು ಬೇರೆ ಬೇರೆ ದೋಷಗಳಿವೆ. ಇನ್ನೇನನ್ನೂ ಬದಲಿಸುವ ಮೊದಲು ಮೂರು ವಿಷಯ ನೋಡಿ ಹೇಳಿ. ಇಂಟರ್ನೆಟ್ ಇಲ್ಲವೆನ್ನುವ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಗುರುತು ಸಂಖ್ಯೆ), ಗೇಟ್‌ವೇ (ಹೊರಗಿನ ಇಂಟರ್ನೆಟ್‌ಗೆ ದಾರಿ ಕೊಡುವ ಸಾಧನ) ಮತ್ತು ಡಿಎಚ್‌ಸಿಪಿ ಸರ್ವರ್ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಸಾಧನ) ಯಾವುದೆಂದು ಬರೆದುಕೊಳ್ಳಿ. ಎಚ್ಚರಿಕೆ ತೋರಿಸುವ ಯಂತ್ರದಲ್ಲಿ ದಿನಾಂಕ ನೋಡಿ. ಸಂಜೆ ಲ್ಯಾಬನ್ನು ಹೇಗೆ ಮುಚ್ಚುತ್ತೀರಿ ಎಂಬುದನ್ನೂ ತಿಳಿಸಿ.

ಲ್ಯಾಬ್‌ಮೇಲ್ವಿಚಾರಕ

ಇಂದು ಬೆಳಿಗ್ಗೆ ನೋಡಿದೆ. ನಮ್ಮ ನೆಟ್‌ವರ್ಕಿನ ವಿಳಾಸಗಳು 10.10.0ರಿಂದ ಶುರುವಾಗುತ್ತವೆ. ಆದರೆ ಕೆಟ್ಟ ಏಳು ಯಂತ್ರಗಳಲ್ಲಿಯೂ 192.168.0ರ ವಿಳಾಸವಿತ್ತು. ಗೇಟ್‌ವೇ ಮತ್ತು ಡಿಎಚ್‌ಸಿಪಿ ಸರ್ವರ್ ಎರಡೂ 192.168.0.1. ಎಚ್ಚರಿಕೆ ಬರುವ ಯಂತ್ರಗಳಲ್ಲಿ ಗಡಿಯಾರ 1 ಜನವರಿ 2016 ಎಂದು ತೋರಿಸುತ್ತಿತ್ತು. ನಾನು ಒಮ್ಮೆಯೂ ಆ ಮೂಲೆಯತ್ತ ಕಣ್ಣು ಹಾಯಿಸಿರಲಿಲ್ಲ. ಸಂಜೆ ಸುರಕ್ಷತೆಯ ದೃಷ್ಟಿಯಿಂದ ಲ್ಯಾಬಿನ ಮೇನ್ ಸ್ವಿಚ್ಚನ್ನೇ ಆರಿಸಿ ಬೀಗ ಹಾಕುತ್ತೇವೆ.

ಜಾಲಮಿತ್ರ

ಹಾಗಾದರೆ ಮೊದಲ ದೋಷ ಸ್ಪಷ್ಟವಾಯಿತು. ನಿಮ್ಮ ನೆಟ್‌ವರ್ಕಿಗೆ ಯಾರೋ ಮನೆಬಳಕೆಯ ವೈಫೈ ರೌಟರ್ ಒಂದನ್ನು ಸೇರಿಸಿದ್ದಾರೆ, ಅದೂ ಅದರ ಲ್ಯಾನ್ ಪೋರ್ಟಿನ ಮೂಲಕ (ಒಳಗಿನ ಯಂತ್ರಗಳನ್ನು ಜೋಡಿಸಲೆಂದು ಇರುವ ಕಿಂಡಿ). ಕಂಪ್ಯೂಟರ್ ಆನ್ ಆದಾಗ ತನಗೊಂದು ವಿಳಾಸ ಬೇಕೆಂದು ಇಡೀ ನೆಟ್‌ವರ್ಕಿಗೆ ಕೂಗಿ ಹೇಳುತ್ತದೆ, ಸಾಮಾನ್ಯವಾಗಿ ಮೊದಲು ಉತ್ತರಿಸಿದವರ ವಿಳಾಸವನ್ನೇ ಸ್ವೀಕರಿಸುತ್ತದೆ. ನಿಮ್ಮ ಸರ್ವರ್ ಉತ್ತರಿಸಿದರೆ ಸರಿ, ಆ ರೌಟರ್ ಮುಂದಾದರೆ ಅದು ಕೊಟ್ಟ ಗೇಟ್‌ವೇ ಹಿಡಿದು ಹೋದ ಯಂತ್ರಕ್ಕೆ ಹೊರಗೆ ದಾರಿಯೇ ಇರುವುದಿಲ್ಲ. ದಿನದಿನಕ್ಕೆ ಬೇರೆ ಬೇರೆ ಯಂತ್ರಗಳು ಕೆಡುವುದಕ್ಕೂ ರೀಸ್ಟಾರ್ಟ್ ಮಾಡಿದರೆ ಕೆಲವು ಸರಿಹೋಗುವುದಕ್ಕೂ ಇದೇ ಕಾರಣ.

ಅದನ್ನು ಹುಡುಕಲು ಕೊಠಡಿ ಕೊಠಡಿ ಅಲೆಯಬೇಕಿಲ್ಲ. ಕೆಟ್ಟ ಯಂತ್ರದಲ್ಲಿಯೇ ಎಆರ್‌ಪಿ ಪಟ್ಟಿ (ಯಾವ ಐಪಿ ವಿಳಾಸ ಯಾವ ಸಾಧನದ್ದೆಂದು ತೋರಿಸುವ ಪಟ್ಟಿ) ತೆಗೆದರೆ 192.168.0.1ರ ಮ್ಯಾಕ್ ವಿಳಾಸ, ಅಂದರೆ ಆ ಸಾಧನದ ನೆಟ್‌ವರ್ಕ್ ಯಂತ್ರಾಂಶದ ಗುರುತು, ಸಿಗುತ್ತದೆ. ನಿರ್ವಹಣಾ ಸೌಲಭ್ಯವಿರುವ ಸ್ವಿಚ್ಚಿನ ಮ್ಯಾಕ್ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಯಾವ ಪೋರ್ಟಿನ ಕಡೆಯಿಂದ ಬರುತ್ತಿದೆ ಎಂದು ತಿಳಿಯುತ್ತದೆ. ಅದು ಸಿಕ್ಕ ಮೇಲೆ ಅದೇ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ವಿಳಾಸ ಹಂಚುವವರ ಮೇಲೆ ಕಣ್ಣಿಡುವ ಸೌಲಭ್ಯ) ಆನ್ ಮಾಡಿ, ನಿಮ್ಮ ಸರ್ವರ್ ಇರುವ ಕಡೆಯ ಪೋರ್ಟನ್ನು ಮಾತ್ರ ನಂಬಿಕೆಯ ಪೋರ್ಟ್ ಎಂದು ಗುರುತಿಸಿ. ಮುಂದೆ ಯಾರು ಏನು ಸೇರಿಸಿದರೂ ಅದು ಹಂಚುವ ವಿಳಾಸ ಅದು ಸೇರಿದ ಪೋರ್ಟನ್ನು ದಾಟುವುದಿಲ್ಲ.

ಗಡಿಯಾರದ ದೋಷಕ್ಕೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಕಾರಣ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಗಡಿಯಾರ ಆ ಕರೆಂಟಿನಲ್ಲಿಯೇ ನಡೆಯುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೆ ಇಡೀ ರಾತ್ರಿ, ರಜೆಯಲ್ಲಿ ವಾರಗಟ್ಟಲೆ, ಆ ಬಿಲ್ಲೆಯೇ ಗಡಿಯಾರವನ್ನು ನಡೆಸಬೇಕು. ಅದು ಸತ್ತಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಪ್ರಮಾಣಪತ್ರಗಳು ಆ ದಿನಾಂಕಕ್ಕೆ ಇನ್ನೂ ಜಾರಿಯಾಗಿರದ ಕಾರಣ ಬ್ರೌಸರ್ ಅವನ್ನು ಒಪ್ಪುವುದಿಲ್ಲ. ಬ್ಯಾಟರಿ ಬದಲಿಸಿದರೆ ಆಯಿತು.

ಪಾಠಶಾಲಾತಂತ್ರಿ

ನಡುವೆ ಒಂದು ಪ್ರಶ್ನೆ. ನಿಮ್ಮ ಲ್ಯಾಬಿನಲ್ಲಿ, ಪ್ರತಿ ಸಲ ರೀಸ್ಟಾರ್ಟ್ ಆದಾಗ ಕಂಪ್ಯೂಟರನ್ನು ಹಳೆಯ ಸ್ಥಿತಿಗೆ ಮರಳಿಸುವ ತಂತ್ರಾಂಶವೇನಾದರೂ ಇದೆಯೇ? ಮಕ್ಕಳು ಮಾಡಿದ ಬದಲಾವಣೆಗಳು ಉಳಿಯದಿರಲಿ ಎಂದು ಅನೇಕ ಶಾಲೆಗಳು ಅದನ್ನು ಹಾಕಿಸಿರುತ್ತವೆ.

ಲ್ಯಾಬ್‌ಮೇಲ್ವಿಚಾರಕ

ಹೌದು, ಎರಡೂ ಲ್ಯಾಬ್‌ಗಳಲ್ಲಿ ಇದೆ. ನಾನು ಬರುವ ಮೊದಲೇ ಹಾಕಿಸಿದ್ದರು.

ಪಾಠಶಾಲಾತಂತ್ರಿ

ಹಾಗಿದ್ದರೆ ನಿಧಾನಗತಿಗೆ ಅದೇ ಮೂಲ. ಬೆಳಿಗ್ಗೆ 60 ಯಂತ್ರಗಳು ಒಟ್ಟಿಗೆ ಎದ್ದು ಅಪ್‌ಡೇಟ್ ಇಳಿಸಿಕೊಳ್ಳಲು ತೊಡಗುತ್ತವೆ. ಸಂಜೆ ಆಫ್ ಆಗಿ ಮಾರನೆಯ ದಿನ ಆನ್ ಆದಾಗ ಇಳಿಸಿಕೊಂಡದ್ದೆಲ್ಲ ಅಳಿಸಿಹೋಗಿರುತ್ತದೆ, ಮತ್ತೆ ಮೊದಲಿನಿಂದ ಶುರು. ಒಂದು ಅಪ್‌ಡೇಟ್ 1 ಜಿಬಿ ಇದ್ದರೆ 60 ಯಂತ್ರಗಳಿಗೆ 60 ಜಿಬಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಬೇರೆ ಯಾರೂ ಲೈನ್ ಮುಟ್ಟದಿದ್ದರೂ ಅದಕ್ಕೆ 80 ನಿಮಿಷ ಬೇಕು. ನಿಮ್ಮ ಮೊದಲ ಎರಡು ಅವಧಿಗಳು ಹೋಗುತ್ತಿರುವುದು ಅಲ್ಲಿಗೆ.

ವಾರದಲ್ಲಿ ಒಂದು ಸಂಜೆ ಆ ತಂತ್ರಾಂಶದ ರಕ್ಷಣೆಯನ್ನು ತೆಗೆದು, ಒಂದೊಂದೇ ಲ್ಯಾಬಿನಂತೆ ಅಪ್‌ಡೇಟ್ ಮುಗಿಸಿ, ಮತ್ತೆ ರಕ್ಷಣೆ ಹಾಕಿ. ಆ ಹೊತ್ತಿನಲ್ಲಿ ಮೇನ್ ಸ್ವಿಚ್ ಆರಿಸಬಾರದು. ಹತ್ತಿರ ಯಾರಾದರೂ ಇರುವ ಹೊತ್ತನ್ನೇ ಆರಿಸಿಕೊಳ್ಳಿ, ಸುರಕ್ಷತೆಯ ಬಗ್ಗೆ ನಿಮ್ಮ ಶಾಲೆಯ ಕಾಳಜಿ ಸರಿಯಾದುದೇ. ವಿಂಡೋಸಿನ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ಸ್ಥಳೀಯ ನೆಟ್‌ವರ್ಕಿನ ಯಂತ್ರಗಳ ನಡುವೆ ಹಂಚಿಕೆಗೆ ಅನುಮತಿ ಕೊಟ್ಟು, ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 7680 ತೆರೆದಿದೆಯೇ ನೋಡಿ. ಆಗ ಒಂದು ಯಂತ್ರ ಹೊರಗಿನಿಂದ ತಂದ ತುಣುಕನ್ನು ಪಕ್ಕದವು ಅದರಿಂದಲೇ ಪಡೆಯುತ್ತವೆ. ಮೊದಲು ಎರಡು ಯಂತ್ರಗಳಿಗೆ ಮಾತ್ರ ಅಪ್‌ಡೇಟ್ ಹಾಕಿ, ಪಾಠಕ್ಕೆ ಬೇಕಾದ ತಂತ್ರಾಂಶಗಳೂ ಪ್ರಿಂಟರೂ ನಡೆಯುತ್ತವೆಯೇ ಎಂದು ಕೆಲವು ದಿನ ನೋಡಿ, ಆಮೇಲೆ ಉಳಿದವಕ್ಕೆ ಹಾಕಿ.

ವಿಂಡೋಸ್ 11ರ ವಿಷಯ: ಅದಕ್ಕೆ ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಭದ್ರತಾ ಚಿಪ್) ಬೇಕು, ಇಂಟೆಲ್ ಆದರೆ ಬಹುತೇಕ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಸಂಸ್ಥೆಗಳು ಹಣ ಕೊಟ್ಟು ಗರಿಷ್ಠ ಮೂರು ವರ್ಷ ಭದ್ರತಾ ಅಪ್‌ಡೇಟ್ ಪಡೆಯಬಹುದು. ತಪಾಸಣೆಯನ್ನು ತಪ್ಪಿಸಿ 11 ಹಾಕುವ ಉಪಾಯಗಳು ಇವೆ, ಆದರೆ 30 ಯಂತ್ರಗಳ ಲ್ಯಾಬಿನಲ್ಲಿ ಅದನ್ನು ಮಾಡಬೇಡಿ, ಮುಂದಿನ ಅಪ್‌ಡೇಟ್ ಬರುತ್ತದೆಂಬ ಭರವಸೆ ಇರುವುದಿಲ್ಲ. ಬ್ರೌಸರ್, ಟೈಪಿಂಗ್, ಪೈಥಾನ್ ಇಷ್ಟೇ ಕೆಲಸವಿದ್ದರೆ ಆ ಲ್ಯಾಬಿಗೆ ಲಿನಕ್ಸ್ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಲ್ಯಾಬ್‌ಮೇಲ್ವಿಚಾರಕ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರೌಟರ್ ಸಿಕ್ಕಿತು. ಶಿಕ್ಷಕರ ಕೊಠಡಿಯ ಬೀರುವಿನ ಹಿಂದೆ, ಗೋಡೆಯ ಸಾಕೆಟ್ಟಿನಿಂದ ಗೇಣುದ್ದದ ಹಳದಿ ಕೇಬಲ್ ಹೊರಟು ಅದರ ಲ್ಯಾನ್ ಪೋರ್ಟಿಗೆ ಸೇರಿತ್ತು. ಆ ಕೊಠಡಿಯಲ್ಲಿ ಸಿಗ್ನಲ್ ಬರುವುದಿಲ್ಲವೆಂದು ಒಬ್ಬ ಸಹೋದ್ಯೋಗಿ ತಂದಿಟ್ಟಿದ್ದರು. ಅವರ ಅಗತ್ಯ ನಿಜವಾದುದರಿಂದ ಅದನ್ನು ಕಿತ್ತು ಸುಮ್ಮನಾಗದೆ, ಅಲ್ಲಿಗೆ ಶಾಲೆಯದೇ ಆಕ್ಸೆಸ್ ಪಾಯಿಂಟ್ ಕೇಳಿ ಪತ್ರ ಬರೆದಿದ್ದೇನೆ. ಸ್ನೂಪಿಂಗ್ ಆನ್ ಮಾಡಿದ ಮೇಲೆ ನಾಲ್ಕು ದಿನಗಳಿಂದ ಒಂದು ಯಂತ್ರವೂ ತಪ್ಪು ವಿಳಾಸ ಪಡೆದಿಲ್ಲ. ನಾಲ್ಕು ಬ್ಯಾಟರಿ ಬದಲಿಸಿದೆ, ಆ ಎಚ್ಚರಿಕೆಗಳು ನಿಂತಿವೆ. ಮೊದಲ ಲ್ಯಾಬಿನ ಅಪ್‌ಡೇಟ್ ನಿನ್ನೆ ಸಂಜೆ ಮುಗಿಯಿತು, ಎರಡನೆಯದನ್ನು ಮುಂದಿನ ವಾರ ತೆಗೆದುಕೊಳ್ಳುತ್ತೇನೆ. ಲಿನಕ್ಸನ್ನು ಸದ್ಯಕ್ಕೆ ಎರಡು ಯಂತ್ರಗಳಲ್ಲಿ ಹಾಕಿದ್ದೇನೆ. ಕನ್ನಡ ಟೈಪಿಂಗಿಗೆ ಮಕ್ಕಳು ಬಳಸುವ ಕೀಲಿಮಣೆ ವಿನ್ಯಾಸ ಅದರಲ್ಲಿ ಹೊಂದಿಸುವುದೊಂದು ಬಾಕಿಯಿದೆ, ಅದನ್ನು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ.