ಕ್ಲಚ್ ಪೆಡಲ್ ಮೆತ್ತಗಾಗಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಶಿರಸಿ ತೋಟದಮನೆ:

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಕಾರು, ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ನಡೆಯುವ) ಕ್ಲಚ್. ಮಳೆಗಾಲದಲ್ಲಿ ಜಾಸ್ತಿ ಓಡಿಸಿರಲಿಲ್ಲ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಮೊನ್ನೆ ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಲಾರಿಗೆ ದಾರಿ ಬಿಡಲು ತಿರುವಿನಲ್ಲಿ ನಿಲ್ಲಿಸಿದೆ. ಮತ್ತೆ ಹೊರಡೋಣ ಅಂದರೆ ಫಸ್ಟ್ ಗೇರ್ ಬೀಳುತ್ತಲೇ ಇಲ್ಲ. ಪೆಡಲ್ ಅರ್ಧದವರೆಗೆ ಏನೂ ಬಿಗಿ ಇಲ್ಲದೆ ಇಳಿಯುತ್ತದೆ. ನಾಲ್ಕೈದು ಸಲ ಬೇಗ ಬೇಗ ಒತ್ತಿದರೆ ಸ್ವಲ್ಪ ಗಟ್ಟಿಯಾಗಿ ಗೇರ್ ಬೀಳುತ್ತದೆ. ರಿವರ್ಸ್ ಹಾಕುವಾಗ ಕರ್ರ್ ಅಂತ ಶಬ್ದ. ಹಾಗೂ ಹೀಗೂ ಮನೆ ಮುಟ್ಟಿದೆ.

ಗ್ಯಾರೇಜಿನವರು ಒಂದು ಸಲ ಪೆಡಲ್ ಒತ್ತಿ ನೋಡಿ, ಗೇರ್ ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಹಾಕಬೇಕು ಎಂದರು. ಬಾನೆಟ್ ತೆಗೆದೂ ನೋಡಲಿಲ್ಲ. ಮನೆಗೆ ಬಂದು ನಾನೇ ತೆಗೆದು ನೋಡಿದೆ. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಡಬ್ಬಿ. ಮಟ್ಟ ಮಿನ್ ಗೆರೆಗಿಂತ ಕೆಳಗಿದೆ, ಬಣ್ಣ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಾಗಿದೆ. ಅಡಿಕೆ ಕೊಯ್ಲು ಹತ್ತಿರ ಬಂತು, ಗಾಡಿ ಇಲ್ಲದೆ ಕಷ್ಟ. ಪಾನಾ ಸೆಟ್ ಇದೆ, ಜಾಕ್ ಇದೆ, ಪೆಡಲ್ ಒತ್ತಲು ಮಗಳು ಇದ್ದಾಳೆ. ಆಯಿಲ್ ತುಂಬಿಸಿ ಏರ್ ತೆಗೆದರೆ ಸಾಕಾ?

---

ತದಡಿ ಬೋಟಿನವ:

ಸಾಕಾಗುವುದಿಲ್ಲ. ಅದೊಂದನ್ನೇ ಮಾಡಿದರೆ ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಯಾವುದೋ ತಿರುವಿನಲ್ಲಿ ಕೈ ಕೊಡುತ್ತದೆ. ನಾನು ಬಂದರಿನಲ್ಲಿ ಬೋಟ್ ಇಂಜಿನ್ ಕೆಲಸ ಮಾಡುವವನು, ಮನೆಯ ಗಾಡಿಗಳ ಕೆಲಸವೂ ನನ್ನದೇ. ಹೈಡ್ರಾಲಿಕ್ ಯಾವುದೇ ಇರಲಿ, ನನ್ನ ಮೊದಲ ಪ್ರಶ್ನೆ ಒಂದೇ: ಹೋದ ಆಯಿಲ್ ಎಲ್ಲಿಗೆ ಹೋಯಿತು?

ಬ್ರೇಕ್ ಪ್ಯಾಡ್ ಸವೆದ ಹಾಗೆ ಡಬ್ಬಿಯ ಮಟ್ಟ ನಿಧಾನಕ್ಕೆ ಇಳಿಯುವುದು ಸಹಜ. ಕ್ಲಚ್ಚಿನದು ಹಾಗಲ್ಲ. ಕ್ಲಚ್ ಪ್ಲೇಟ್ ಸವೆದರೆ ಸ್ಲೇವ್ ಸಿಲಿಂಡರಿನ (ಗೇರ್ ಬಾಕ್ಸ್ ಕಡೆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಪಿಸ್ಟನ್ ಒಳಕ್ಕೆ ಸರಿಯುತ್ತದೆ, ಆಯಿಲ್ ಡಬ್ಬಿಗೆ ವಾಪಸ್ ಬರುತ್ತದೆ. ಹಾಗಾಗಿ ಕ್ಲಚ್ ಲೈನಿನಿಂದ ಆಯಿಲ್ ಕಡಿಮೆಯಾಗಿದೆ ಎಂದರೆ ಅದು ಎಲ್ಲೋ ಹೊರಗೆ ಹೋಗಿದೆ. ಹೊರಗೆ ಹೋದ ದಾರಿಯಲ್ಲೇ ಗಾಳಿ ಒಳಗೆ ಬಂದಿದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ನಿಮ್ಮ ಪೆಡಲಿನ ಮೊದಲರ್ಧ ಗಾಳಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತಿದೆ.

ಕ್ಲಚ್ ಪ್ಲೇಟಿನ ಮಾತು ಈಗಲೇ ಬೇಡ ಮಾರಾಯ್ರೆ. ಪ್ಲೇಟ್ ಸವೆದಿದ್ದರೆ ಘಟ್ಟ ಏರುವಾಗ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗೇರ್ ಆರಾಮಾಗಿ ಬೀಳುತ್ತದೆ. ನಿಮ್ಮದು ಪೂರ್ತಿ ಉಲ್ಟಾ. ಕ್ಲಚ್ ಇಂಜಿನ್ನಿನ ಹಿಡಿತ ಬಿಡುತ್ತಿಲ್ಲ, ಪಂಪ್ ಮಾಡಿದರೆ ಬಿಡುತ್ತದೆ. ಇದು ಆಯಿಲ್ ಲೈನಿನ ಕಾಯಿಲೆ.

ಇನ್ನೊಂದು ವಿಷಯ, ಇದು ತುಂಬಾ ಮುಖ್ಯ. ಎರಡಕ್ಕೂ ಒಂದೇ ಡಬ್ಬಿ ಇದ್ದಾಗ ಕ್ಲಚ್ಚಿನ ಪೈಪನ್ನು ಡಬ್ಬಿಯಲ್ಲಿ ಮೇಲಿನ ಮಟ್ಟಕ್ಕೆ ಕೂರಿಸಿರುತ್ತಾರೆ. ಕ್ಲಚ್ ಸೋರಿದರೂ ಬ್ರೇಕಿಗೆ ಆಯಿಲ್ ಉಳಿಯಲಿ ಅಂತ. ಆದರೆ ಸೋರುವುದು ಬ್ರೇಕೂ ಆಗಿರಬಹುದು. ನಾಲ್ಕೂ ಚಕ್ರದ ಒಳಮೈ ನೋಡದೆ ಗಾಡಿ ಗೇಟ್ ದಾಟಿಸಬೇಡಿ.

ಹುಡುಕುವುದು ಹೀಗೆ. ಚಾಲಕನ ಸೀಟು ಹಿಂದೆ ತಳ್ಳಿ, ಟಾರ್ಚ್ ಹಿಡಿದು ಪೆಡಲ್ ಮೇಲ್ಭಾಗಕ್ಕೆ ತಲೆ ಹಾಕಿ. ಪೆಡಲಿನಿಂದ ಒಂದು ಕಡ್ಡಿ ಇಂಜಿನ್ ಕಡೆಯ ತಗಡಿನ ಗೋಡೆಯ ಒಳಗೆ ಹೋಗುತ್ತದಲ್ಲ, ಅದರ ರಬ್ಬರ್ ಸುತ್ತ ಬೆರಳು ಆಡಿಸಿ. ಒದ್ದೆ ಇದ್ದರೆ, ಪೇಂಟ್ ಎದ್ದಿದ್ದರೆ, ಮ್ಯಾಟ್ ಕೆಳಗೆ ಜಿಡ್ಡು ಇದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಸ್ಲೇವ್ ಕಡೆ ತಳ್ಳುವ ಭಾಗ) ಸೋರುತ್ತಿದೆ. ಆಮೇಲೆ ಬಾನೆಟ್ ತೆಗೆದು ಗೇರ್ ಬಾಕ್ಸ್ ಮೇಲಿನ ಸ್ಲೇವ್ ನೋಡಿ. ಅದರ ತುದಿಯ ರಬ್ಬರ್ ಬೂಟಿನ ಅಂಚು ಮೆಲ್ಲಗೆ ಎತ್ತಿ. ಒಳಗಿಂದ ಆಯಿಲ್ ಇಳಿದರೆ ಕಳ್ಳ ಸಿಕ್ಕ. ನಡುವಿನ ರಬ್ಬರ್ ಪೈಪನ್ನೂ ಮಗಳು ಪೆಡಲ್ ಒತ್ತುವಾಗ ನೋಡಿ, ಉಬ್ಬಬಾರದು.

ಹೊರಗೆ ಸ್ಲೇವ್ ಕಾಣದೇ ಇದ್ದು, ಪೈಪ್ ಸೀದಾ ಗೇರ್ ಬಾಕ್ಸ್ ಒಳಗೆ ಹೋಗಿದ್ದರೆ ಕಥೆ ಬೇರೆ. ಆ ಗಾಡಿಗಳಲ್ಲಿ ಸ್ಲೇವ್ ಇರುವುದು ಬೇರಿಂಗ್ ಜೊತೆ ಒಳಗೇ. ಅದು ಸೋರಿದರೆ ಗೇರ್ ಬಾಕ್ಸ್ ಇಳಿಸಲೇಬೇಕು, ಅದು ಅಂಗಳದ ಕೆಲಸವಲ್ಲ.

ಮೊದಲು ಇಷ್ಟು ನೋಡಿ ಹೇಳಿ.

---

ಹೊನ್ನಾವರ 47:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಹಳೇ ಆಲ್ಟೊ, ಪೆಡಲ್ ಹೀಗೇ ಸಡಿಲ. ಆಯಿಲ್ ಎಲ್ಲಿ ಹಾಕಬೇಕು ಅಂತಲೇ ಗೊತ್ತಾಗುತ್ತಿಲ್ಲ.

---

ತದಡಿ ಬೋಟಿನವ:

ಅದರಲ್ಲಿ ಕೇಬಲ್, ಆಯಿಲ್ ಇಲ್ಲವೇ ಇಲ್ಲ. ಗೇರ್ ಬಾಕ್ಸ್ ಹತ್ತಿರ ಕೇಬಲ್ ತುದಿಯ ನಟ್ ತಿರುಗಿಸಿ ಪ್ಲೇ (ಪೆಡಲಿನ ಸಡಿಲ) ಸರಿ ಮಾಡಿ. ಸ್ವಲ್ಪ ಪ್ಲೇ ಉಳಿಯಲೇಬೇಕು, ಪೂರ್ತಿ ಬಿಗಿ ಮಾಡಿದರೆ ಪ್ಲೇಟ್ ಜಾರುತ್ತದೆ. ತಂತಿಯ ಎಳೆ ಬಿಚ್ಚಿಕೊಂಡಿದ್ದರೆ ಹೊಂದಿಸುತ್ತಾ ಕೂರಬೇಡಿ, ಕೇಬಲ್ಲೇ ಬದಲಿಸಿ.

---

ಶಿರಸಿ ತೋಟದಮನೆ:

ಸಿಕ್ಕಿತು! ಪೆಡಲ್ ಹತ್ತಿರ ಪೂರ್ತಿ ಒಣಗಿದೆ. ಚಕ್ರಗಳ ಒಳಮೈಯಲ್ಲೂ ಒದ್ದೆ ಇಲ್ಲ. ಸ್ಲೇವ್ ಹೊರಗೇ ಇದೆ, ಬ್ಯಾಟರಿ ಕೆಳಗೆ. ಬೂಟ್ ಎತ್ತಿದ ಕೂಡಲೇ ಕಪ್ಪು ಆಯಿಲ್ ಬೆರಳ ಮೇಲೆ ಸುರಿಯಿತು. ಒಳಗೆ ಕಂದು ತುಕ್ಕೂ ಇದೆ. ಒಳಗಿನ ರಬ್ಬರ್ ವಾಷರ್ ಕಿಟ್ ಹಾಕಲಾ, ಹೊಸ ಸ್ಲೇವ್ ತರಲಾ? ಪಕ್ಕದ ಮನೆಯವರು ತುರ್ತಿಗೆ ಸ್ವಲ್ಪ ಇಂಜಿನ್ ಆಯಿಲ್ ಹಾಕಿ ಓಡಿಸಿ ಎನ್ನುತ್ತಿದ್ದಾರೆ.

---

ತದಡಿ ಬೋಟಿನವ:

ಇಂಜಿನ್ ಆಯಿಲ್ ಒಂದು ಹನಿಯೂ ಬೇಡ, ಪವರ್ ಸ್ಟೀರಿಂಗ್ ಆಯಿಲ್ ಕೂಡ ಬೇಡ. ಬ್ರೇಕ್ ಆಯಿಲಿಗೆ ಮಾಡಿದ ರಬ್ಬರ್ ಸೀಲುಗಳು ಖನಿಜ ತೈಲ ತಾಗಿದರೆ ಉಬ್ಬಿ ಹಾಳಾಗುತ್ತವೆ. ನಿಮ್ಮದು ಒಂದೇ ಡಬ್ಬಿ, ಬ್ರೇಕ್ ಕೂಡ ಅದರಲ್ಲೇ ನಡೆಯುವುದು. ಪಕ್ಕದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಜೀವಕ್ಕೆ ಅಪಾಯದ ಸಲಹೆ ಅದು.

ತುಕ್ಕು ಕಂಡಿದೆ ಎಂದರೆ ಹೊಸ ಸ್ಲೇವ್ ತನ್ನಿ. ಸಿಲಿಂಡರ್ ಒಳಮೈ ಕನ್ನಡಿಯಷ್ಟು ನುಣುಪಾಗಿದ್ದರೆ ಮಾತ್ರ ವಾಷರ್ ಕಿಟ್‌ಗೆ ಅರ್ಥ. ತುಕ್ಕಿನ ಗುಳಿಯ ಮೇಲೆ ಹೊಸ ವಾಷರ್ ಓಡಾಡಿದರೆ ಅದೂ ಹರಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರೇ ಒಳಗೆ ತುಕ್ಕು ಹಿಡಿಸುವುದು. ನಮ್ಮ ಜಿಲ್ಲೆಯ ಮಳೆಗಾಲ ಗೊತ್ತಲ್ಲ. ಬಟ್ಟೆಯೇ ಒಣಗದ ತಿಂಗಳುಗಳಲ್ಲಿ ಹಳೇ ಆಯಿಲ್ ತುಂಬಿದ ಗಾಡಿ ಸುಮ್ನೆ ನಿಂತಿತ್ತು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕಿಗೂ ಇದೇ ಆಯಿಲ್. ಎರಡು ವರ್ಷಕ್ಕೊಮ್ಮೆ ಬದಲಿಸಿ, ಬಣ್ಣ ಕಪ್ಪಾಗುವವರೆಗೆ ಕಾಯಬೇಡಿ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ತನ್ನಿ. ಸೀಲ್ ಒಡೆಯದ ಬಾಟಲಿಯೇ ಬೇಕು. ಬರೀ ಡಾಟ್ 5 ಎಂದಿದ್ದರೆ ಅದು ಸಿಲಿಕೋನ್ ಆಯಿಲ್, ಇದರ ಜೊತೆ ಬೆರೆಸುವಂತಿಲ್ಲ.

ಈಗ ಕೆಲಸ. ಅಂಗಳ ಇಳಿಜಾರಾಗಿದ್ದರೆ ಸಮತಟ್ಟು ಜಾಗ ಹುಡುಕಿ, ಚಕ್ರಕ್ಕೆ ಕಲ್ಲು ಕೊಡಿ. ಮೇಲಿಂದ ಕೈ ಹೋದರೆ ಜಾಕ್ ಬೇಕಾಗಿಯೇ ಇಲ್ಲ. ಕೆಳಗೆ ಹೋಗಲೇಬೇಕಾದರೆ ಬರೀ ಜಾಕ್ ನಂಬಿ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಕಣ್ಣಿಗೆ ಕನ್ನಡಕ ಇರಲಿ. ಪೇಂಟ್ ಮೇಲೆ ಆಯಿಲ್ ಬಿದ್ದರೆ ಒರೆಸುವುದಲ್ಲ, ತಕ್ಷಣ ನೀರು ಹೊಯ್ಯಿರಿ.

ಪೈಪಿನ ನಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಪೈಪ್ ಬಿಚ್ಚಿದ ಮೇಲೆ ಯಾರೂ ಪೆಡಲ್ ಮುಟ್ಟಬಾರದು. ಹೊಸ ಸ್ಲೇವ್ ಕೂರಿಸುವಾಗ ಅದರ ಕಡ್ಡಿ ಕ್ಲಚ್ ಬಿಡಿಸುವ ಫೋರ್ಕಿನ ಗುಳಿಯಲ್ಲೇ ಕೂತಿದೆಯಾ ನೋಡಿ. ಪೈಪಿನ ಜೋಡಣೆಯಲ್ಲಿ ತಾಮ್ರದ ವಾಷರ್ ಇದ್ದರೆ ಅದೂ ಹೊಸದೇ ಇರಲಿ.

ಇನ್ನು ಏರ್ ತೆಗೆಯುವುದು. ಡಬ್ಬಿ ತುಂಬಿಸಿ. ಸ್ಲೇವಿನಿಂದ ಗಾಳಿ ಬಿಡಿಸುವ ಸ್ಕ್ರೂ, ಅಂದರೆ ನಿಪ್ಪಲ್‌ಗೆ ಮೊದಲು ರಿಂಗ್ ಪಾನಾ ಹಾಕಿ, ಆಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್. ಪೈಪಿನ ಇನ್ನೊಂದು ತುದಿ ಬಾಟಲಿಯ ಹೊಸ ಆಯಿಲಿನಲ್ಲಿ ಮುಳುಗಿರಲಿ. ಮಗಳು ಪೆಡಲ್ ನಿಧಾನಕ್ಕೆ ಪೂರ್ತಿ ಒತ್ತಿ ಹಿಡಿಯಲಿ, "ಒತ್ತಿದೆ" ಎಂದು ಕೂಗಲಿ. ನೀವು ನಿಪ್ಪಲ್ ಕಾಲು ಸುತ್ತು ಬಿಡಿಸಿ. ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿ. ಆಮೇಲೆ ಮಾತ್ರ "ಬಿಡು" ಎನ್ನಿ. ಈ ಕ್ರಮ ತಪ್ಪಿದರೆ ಹೊರಗೆ ಹೋದ ಗಾಳಿ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಮೊದಮೊದಲು ಪೆಡಲ್ ತಾನಾಗಿ ಮೇಲೆ ಬರುವುದಿಲ್ಲ, ಕೈಯಿಂದ ಎತ್ತಬೇಕು, ಹೆದರಬೇಡಿ. ಪೆಡಲನ್ನು ಪಟಪಟ ಒತ್ತಬೇಡಿ, ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ. ಮಧ್ಯೆ ಮಧ್ಯೆ ಡಬ್ಬಿ ನೋಡಿ ತುಂಬಿಸುತ್ತಿರಿ. ಗುಳ್ಳೆ ನಿಂತು, ತಿಳಿ ಆಯಿಲ್ ಬರುವವರೆಗೆ ಮಾಡಿ.

---

ಕೋಡಿಬಾಗ ಕಾರವಾರ:

ಸಹಾಯಕ್ಕೆ ಜನ ಇಲ್ಲದವರಿಗೆ ಇನ್ನೊಂದು ದಾರಿ. ನಾನು ದೊಡ್ಡ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ ನಿಪ್ಪಲ್ ಕಡೆಯಿಂದ ಮೇಲಕ್ಕೆ ತಳ್ಳುತ್ತೇನೆ. ಗಾಳಿ ಹೇಗೂ ಮೇಲಕ್ಕೆ ಹೋಗುವ ಸ್ವಭಾವದ್ದು, ಡಬ್ಬಿಯಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಎಷ್ಟು ಪೆಡಲ್ ಒತ್ತಿದರೂ ಬಿಡದ ಗಾಳಿಗೆ ಇದು ಒಳ್ಳೆಯದು.

---

ತದಡಿ ಬೋಟಿನವ:

ಹೌದು, ನಾನೂ ಮಾಡುತ್ತೇನೆ. ಆದರೆ ತೋಟದಮನೆಯವರಿಗೆ ಈಗ ಬೇಡ. ಅವರ ಲೈನಿನಲ್ಲಿ ಕಪ್ಪು ಕಸ ಇದೆ, ಅದನ್ನು ಮೇಲಕ್ಕೆ ತಳ್ಳಿದರೆ ಮಾಸ್ಟರ್‌ಗೆ ಹೋಗುತ್ತದೆ. ಮೊದಲು ಕೆಳಗಿನಿಂದ ಕಸ ಹೊರಗೆ ಬರಲಿ. ಸಿರಿಂಜ್ ಹಾಕುವ ದಿನ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ.

---

ಶಿರಸಿ ತೋಟದಮನೆ:

ಹೊಸ ಸ್ಲೇವ್ ಹಾಕಿ, ನೀವು ಹೇಳಿದ ಹಾಗೇ ಏರ್ ತೆಗೆದೆವು. ಮಗಳು ಕೂಗಿದ್ದು ಆಚೆ ತೋಟದವರೆಗೆ ಕೇಳಿರಬೇಕು. ಪೆಡಲ್ ಗಟ್ಟಿಯಾಗಿದೆ, ರಿವರ್ಸ್ ಶಬ್ದವಿಲ್ಲದೆ ಬೀಳುತ್ತಿದೆ! ತುಂಬಾ ಉಪಕಾರವಾಯಿತು. ಮಾಸ್ಟರ್ ಹಳೆಯದೇ ಇದೆ. ಅದನ್ನೂ ಬದಲಿಸಬೇಕಾ?

---

ತದಡಿ ಬೋಟಿನವ:

ಮಗಳಿಗೂ ಶಾಭಾಸ್ ಹೇಳಿ, ಅರ್ಧ ಕೆಲಸ ಅವಳದೇ.

ಮಾಸ್ಟರ್ ಹೊರಗೆ ಸೋರದೆ ಒಳಗೇ ಸೀಲ್ ಬಿಡುವುದೂ ಇದೆ. ಆಗ ಡಬ್ಬಿಯ ಮಟ್ಟ ಇಳಿಯುವುದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಮುಂದೆ ಜನ, ದನ, ಗೋಡೆ ಏನೂ ಇಲ್ಲದ ಸಮತಟ್ಟು ಜಾಗದಲ್ಲಿ ಇಂಜಿನ್ ಶುರು ಮಾಡಿ. ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಗೇರ್ ಹಾಕಿ, ಒತ್ತಿಯೇ ಹಿಡಿಯಿರಿ. ಬಲಗಾಲು ಬ್ರೇಕ್ ಹತ್ತಿರವೇ ಇರಲಿ. ಒಂದೆರಡು ನಿಮಿಷ ಕಳೆದರೂ ಗಾಡಿ ಅಲುಗದಿದ್ದರೆ ಮಾಸ್ಟರ್ ಸದ್ಯಕ್ಕೆ ಚೆನ್ನಾಗಿದೆ, ಖರ್ಚು ಮಾಡಬೇಡಿ. ಪೆಡಲ್ ಕಾಲಡಿಯಲ್ಲಿ ತಾನೇ ಇಳಿದು ಗಾಡಿ ಮುಂದೆ ತೆವಳಲು ನೋಡಿದರೆ ಮಾಸ್ಟರ್ ಬದಲಿಸಿ.

ಬ್ರೇಕಿನ ಲೈನಿನಲ್ಲಿ ಇನ್ನೂ ಅದೇ ಹಳೇ ಆಯಿಲ್ ಇದೆ. ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ ಅದನ್ನೂ ಬದಲಿಸಿಬಿಡಿ. ಬಾಟಲಿಯಲ್ಲಿ ಉಳಿದ ಹೊಸ ಆಯಿಲನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಸೀಲ್ ಒಡೆದ ಬಾಟಲಿಯೂ ತೇವ ಹೀರುತ್ತದೆ. ಹಳೇ ಕಪ್ಪು ಆಯಿಲನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಬೇರೆ ಕ್ಯಾನಿನಲ್ಲಿ ತುಂಬಿ, ವೇಸ್ಟ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.